ನಾಲ್ಕು ಸ್ಲಾಟ್, ಇಪ್ಪತ್ನಾಲ್ಕು ಜಿಬಿ

ಪರದೆ ಕಪ್ಪಾಗಿ ಕಾಣುತ್ತಿರುವುದು ನಿಮ್ಮ ಫೋನಿನ ದೋಷವಲ್ಲ. ನೀವು ನೋಡುತ್ತಿರುವುದು ನನ್ನ ಮಾನಿಟರನ್ನು. ಒಳಗೆ ಫ್ಯಾನುಗಳು ತಿರುಗುತ್ತಿವೆ, ಕೀಬೋರ್ಡಿನ ದೀಪ ಬೆಳಗಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಹತ್ತು ನಿಮಿಷ ಮೊದಲು ಈ ಕಂಪ್ಯೂಟರ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅದರಲ್ಲಿ ಮೊದಲಿನಿಂದಲೂ ಇದ್ದ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್‌ಗಳ ಪಕ್ಕದ ಎರಡು ಖಾಲಿ ಸ್ಲಾಟ್‌ಗಳಿಗೆ ಅಷ್ಟೇ ಸಾಮರ್ಥ್ಯದ ಇನ್ನೆರಡು ಸ್ಟಿಕ್‌ಗಳನ್ನು ಕೂರಿಸಿದ್ದಷ್ಟೇ ನಾನು ಮಾಡಿದ ಕೆಲಸ. 16 ಇದ್ದದ್ದು 32 ಆಗಬೇಕಿತ್ತು. ಅದು 32 ಆಗುವುದಕ್ಕೆ ನಾಲ್ಕು ದಿನ ಹಿಡಿಯಿತು, ಮತ್ತು ಆ ನಾಲ್ಕು ದಿನವೂ ನಾನು ಅನುಮಾನಿಸಿದ್ದು ಹೊಸದಾಗಿ ಬಂದ ಸ್ಟಿಕ್‌ಗಳನ್ನೇ.

ಈಗ ಕ್ಯಾಮೆರಾವನ್ನು ಮದರ್‌ಬೋರ್ಡಿನ ಬಲ ಅಂಚಿಗೆ ತರುತ್ತಿದ್ದೇನೆ. ಇಲ್ಲಿ ಸಾಲಾಗಿರುವ ನಾಲ್ಕು ಪುಟ್ಟ ದೀಪಗಳನ್ನು ಗಮನಿಸಿ: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್. ಕಂಪ್ಯೂಟರ್ ಚಾಲೂ ಆಗುವಾಗ ಇವು ಒಂದೊಂದಾಗಿ ಹೊತ್ತಿ ಆರುತ್ತವೆ. ಪರೀಕ್ಷೆ ಎಲ್ಲಿ ನಿಂತುಹೋಗುತ್ತದೆಯೋ ಅಲ್ಲಿನ ದೀಪ ಆರುವುದಿಲ್ಲ. ಇಲ್ಲಿ ಎರಡನೆಯ ದೀಪ, ಅಂದರೆ ರ‍್ಯಾಮ್‌ನದು, ಹೊತ್ತಿಯೇ ಇದೆ. ಎಲ್ಲ ಬೋರ್ಡುಗಳಲ್ಲಿಯೂ ಈ ದೀಪಗಳಿರುವುದಿಲ್ಲ. ಕೆಲವು ಬೀಪ್ ಸದ್ದುಗಳ ಮೂಲಕ ತಿಳಿಸುತ್ತವೆ, ಆ ಸದ್ದುಗಳ ಅರ್ಥವನ್ನು ಬೋರ್ಡಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ದೀಪ ಕಂಡೊಡನೆ ಪವರ್ ಬಟನ್ ಒತ್ತಿ ಆರಿಸುವ ಆತುರ ನನಗೂ ಇತ್ತು, ಆದರೆ ಇಲ್ಲಿ ತಾಳ್ಮೆಗೆ ಒಂದು ತಾಂತ್ರಿಕ ಕಾರಣವಿದೆ. ರ‍್ಯಾಮ್ ಬದಲಾದ ನಂತರದ ಮೊದಲ ಬೂಟ್‌ನಲ್ಲಿ ಪ್ರತಿಯೊಂದು ಸ್ಟಿಕ್‌ನ ಜೊತೆ ಯಾವ ಕ್ಷಣದಲ್ಲಿ ಸಂಕೇತ ಕಳುಹಿಸಬೇಕು, ಯಾವ ಕ್ಷಣದಲ್ಲಿ ಓದಬೇಕು ಎಂಬುದನ್ನು ವ್ಯವಸ್ಥೆಯು ಮತ್ತೆ ಮತ್ತೆ ಪ್ರಯತ್ನಿಸಿ ಹೊಂದಿಸಿಕೊಳ್ಳುತ್ತದೆ. ಇದನ್ನು ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ನನ್ನದು ಡಿಡಿಆರ್4 ಎಂಬ ಪೀಳಿಗೆಯ ರ‍್ಯಾಮ್, ಆದ್ದರಿಂದ ಒಂದೆರಡು ನಿಮಿಷ ಕಾದರೆ ಸಾಕು. ಅದರ ನಂತರದ ಪೀಳಿಗೆಯ ಡಿಡಿಆರ್5 ಇರುವ ಕಂಪ್ಯೂಟರುಗಳಲ್ಲಿ ಇದೇ ಕೆಲಸಕ್ಕೆ ಹಲವಾರು ನಿಮಿಷಗಳು ಬೇಕಾಗಬಹುದು, ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಕೆಟ್ಟುಹೋಯಿತೆಂದು ಭಾವಿಸಿ ನಡುವೆಯೇ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನಾನು ಐದು ನಿಮಿಷ ಕಾದೆ. ದೀಪ ಆರಲಿಲ್ಲ.

ಕಂಪ್ಯೂಟರನ್ನು ಆರಿಸಿ, ಪವರ್ ಕೇಬಲನ್ನು ಗೋಡೆಯಿಂದಲೇ ತೆಗೆದು, ಆಮೇಲೆ ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದೆ. ಕೇಬಲ್ ಸಿಕ್ಕಿಸಿರುವವರೆಗೆ, ಕಂಪ್ಯೂಟರ್ ಆರಿದ್ದರೂ ಮದರ್‌ಬೋರ್ಡಿಗೆ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ರ‍್ಯಾಮ್ ಕೀಳುವುದು ಅಥವಾ ಹಾಕುವುದು ಅಪಾಯ. ಕ್ಯಾಬಿನೆಟ್ಟಿನ ಬರಿಯ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡ ಮೇಲೆ ಸ್ಟಿಕ್‌ಗಳನ್ನು ನೋಡಿದೆ. ಈ ದೃಶ್ಯವನ್ನು ನಿಧಾನಗತಿಯಲ್ಲಿ ತೋರಿಸುತ್ತಿದ್ದೇನೆ. ಮೇಲಿನ ತುದಿಯ ಕ್ಲಿಪ್ ಮುಚ್ಚಿದೆ. ಕೆಳಗಿನ ತುದಿಯಲ್ಲಿ ಕ್ಲಿಪ್ಪೇ ಇಲ್ಲದ ವಿನ್ಯಾಸ ಇದು, ಆದ್ದರಿಂದ ಒಂದು ಬದಿಯ ಟಕ್ ಸದ್ದು ಕೇಳಿ ಕೆಲಸ ಮುಗಿಯಿತೆಂದುಕೊಂಡಿದ್ದೆ. ಕೆಳತುದಿಯು ಒಂದು ಮಿಲಿಮೀಟರಿನಷ್ಟು ಮೇಲೆಯೇ ಉಳಿದಿತ್ತು. 288 ಪಿನ್ನುಗಳ ಸಾಲಿನಲ್ಲಿ ಆ ಒಂದು ಮಿಲಿಮೀಟರಿನ ಓರೆ ಸಾಕು. ಎರಡೂ ತುದಿಗಳಿಗೆ ಹೆಬ್ಬೆರಳಿಟ್ಟು ಸಮನಾಗಿ ಒತ್ತಿದಾಗ, ಬೋರ್ಡು ಕೊಂಚ ಬಾಗಿದಂತೆ ಕಂಡು ಹೆದರಿಕೆಯಾದರೂ, ಅದು ಪೂರ್ತಿ ಕುಳಿತಿತು. ಇಷ್ಟು ಒತ್ತಿದರೂ ಕೂರದಿದ್ದರೆ ಇನ್ನೂ ಜೋರಾಗಿ ಒತ್ತಬಾರದು; ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್ನುಗಳೇ ಇದ್ದರೂ ನಡುವಿನ ಕಚ್ಚಿನ ಸ್ಥಳ ಬೇರೆಯಾಗಿದೆ, ತಪ್ಪು ಜಾತಿಯದನ್ನು ತಂದಿದ್ದರೆ ಅದು ಅಲ್ಲಿಯೇ ತಡೆಯುತ್ತದೆ.

ಈ ಬಾರಿ ಚಿತ್ರ ಬಂತು. ಆದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಾಗ ಕಂಡದ್ದು 24 ಜಿಬಿ.

ನಿಜ ಹೇಳಬೇಕೆಂದರೆ, ಪೂರ್ತಿ ಕಪ್ಪು ಪರದೆಗಿಂತ ಈ 24 ನನ್ನನ್ನು ಹೆಚ್ಚು ಕಾಡಿತು. ಇಂಥ ಸಂದರ್ಭದಲ್ಲಿ ಮೊದಲು ನೋಡಬೇಕಾದದ್ದು ವಿಂಡೋಸ್ ಅಲ್ಲ, ಬಯೋಸ್, ಅಂದರೆ ವಿಂಡೋಸ್‌ಗಿಂತ ಮೊದಲೇ ಓಡುವ ಮದರ್‌ಬೋರ್ಡಿನದೇ ತಂತ್ರಾಂಶ. 32 ಜಿಬಿ ಬಯೋಸ್‌ನಲ್ಲಿ ಕಂಡು ವಿಂಡೋಸ್‌ನಲ್ಲಿ ಮಾತ್ರ ಕಾಣದಿದ್ದರೆ ದೋಷವನ್ನು ಸಾಫ್ಟ್‌ವೇರಿನಲ್ಲಿ ಹುಡುಕಬೇಕು. ಹಿಂದೆ ಯಾರೋ ಸಿಸ್ಟಂ ಕಾನ್ಫಿಗರೇಶನ್‌ನಲ್ಲಿ ಗರಿಷ್ಠ ಮೆಮೊರಿಯ ಮಿತಿಯನ್ನು ಗುರುತು ಹಾಕಿಟ್ಟಿರುವುದೂ ಉಂಟು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನ್ನ ಪಾಲಿಗೆ ತೆಗೆದಿರಿಸಿಕೊಳ್ಳುವ ಭಾಗ ಹಾರ್ಡ್‌ವೇರ್ ಮೀಸಲು ಎಂದು ಕಾಣುವುದು ಸಹಜ, ಅದು ದೋಷವಲ್ಲ. ನನ್ನ ಬಯೋಸ್ ಕೂಡ 24 ಎಂದೇ ಹೇಳಿತು, ಮತ್ತು ಸ್ಲಾಟ್‌ಗಳ ಪಟ್ಟಿಯಲ್ಲಿ (ನಾಲ್ಕು ಸ್ಲಾಟ್‌ಗಳ ಹೆಸರು ಎ1, ಎ2, ಬಿ1, ಬಿ2) ಬಿ1 ಖಾಲಿ ಇದೆಯೆಂದು ತೋರಿಸಿತು. ಅಲ್ಲಿ ನನ್ನ ಹೊಸ ಸ್ಟಿಕ್ ಇತ್ತು.

ಆ ಗಳಿಗೆಯಲ್ಲಿ ಹೊಸ ಸ್ಟಿಕ್ ಕೆಟ್ಟದ್ದೆಂದು ನಿರ್ಧರಿಸಿ, ಪೆಟ್ಟಿಗೆಯಲ್ಲಿಟ್ಟು ಮಾರಿದವರಿಗೆ ಹಿಂದಿರುಗಿಸಲು ಹೊರಟಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಅದಾಗುತ್ತಿತ್ತು. ಹಾಗೆ ಮಾಡುವ ಮೊದಲು ಒಂದು ಅದಲುಬದಲು ಮಾಡಿ ನೋಡಬೇಕೆನಿಸಿತು. ಮೂರು ವರ್ಷ ತಕರಾರಿಲ್ಲದೆ ದುಡಿದ ಹಳೆಯ ಸ್ಟಿಕ್ ಒಂದನ್ನು ಬಿ1ಕ್ಕೆ ಹಾಕಿ, ಅನುಮಾನದ ಹೊಸ ಸ್ಟಿಕ್ಕನ್ನು ಆ ಹಳೆಯದರ ಜಾಗದಲ್ಲಿ ಕೂರಿಸಿದೆ. ತೊಂದರೆ ಸ್ಟಿಕ್‌ನ ಜೊತೆಯಲ್ಲಿ ಹೊರಟರೆ ಅಪರಾಧಿ ಸ್ಟಿಕ್; ತೊಂದರೆ ಇದ್ದಲ್ಲಿಯೇ ಉಳಿದರೆ ಅಪರಾಧಿ ಸ್ಲಾಟ್ ಅಥವಾ ಅದರ ಹಿಂದಿನ ದಾರಿ. ಬಯೋಸ್ ಮತ್ತೆ ಬಿ1 ಖಾಲಿ ಎಂದಿತು. ಹೊಸ ಸ್ಟಿಕ್ ಮಾತ್ರ ಹಳೆಯದರ ಜಾಗದಲ್ಲಿ ಗುರುತಿಸಲ್ಪಟ್ಟಿತ್ತು.

ಟಾರ್ಚ್ ಹಿಡಿದು ನೋಡಿದಾಗ ಕಾರಣ ಕಂಡಿತು. ಕ್ಯಾಮೆರಾದಲ್ಲಿಯೂ ಅದು ಸ್ಪಷ್ಟವಾಗಿದೆ. ಮೂರು ವರ್ಷ ಬಾಯಿ ತೆರೆದುಕೊಂಡೇ ಇದ್ದ ಆ ಸ್ಲಾಟಿನ ತಳದಲ್ಲಿ ಧೂಳಿನ ಎಳೆಗಳು ಹತ್ತಿಯಂತೆ ಒತ್ತಿಕೊಂಡಿದ್ದವು. ಕೈಯಿಂದ ಒತ್ತುವ ರಬ್ಬರ್ ಬ್ಲೋವರಿನಿಂದ ಗಾಳಿ ಹಾಕಿ, ಮೆತ್ತನೆಯ ಬ್ರಷ್‌ನಿಂದ ಅವನ್ನು ತೆಗೆದೆ. ಸ್ಟಿಕ್‌ನ ಚಿನ್ನದ ಬಣ್ಣದ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟೆ. ಅಳಿಸುವ ರಬ್ಬರಿನಿಂದ ಉಜ್ಜಬೇಕೆಂದು ಬಹಳ ಜನ ಸಲಹೆ ಕೊಡುತ್ತಾರೆ; ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಆ ಚಿನ್ನದ ಲೇಪ ಬಹಳ ತೆಳುವಾದದ್ದು, ರಬ್ಬರು ಅದನ್ನು ಸವೆಸುವುದಲ್ಲದೆ ಪುಡಿಯನ್ನೂ ಬಿಡುತ್ತದೆ. ಶುಚಿಗೊಳಿಸಿದ ಮೇಲೂ ಸ್ಲಾಟ್ ಖಾಲಿಯೆಂದೇ ತೋರಿದ್ದರೆ ಮುಂದಿನ ಅನುಮಾನ ಪ್ರೊಸೆಸರಿನ ಸಾಕೆಟ್ ಆಗಿರುತ್ತಿತ್ತು. ಮೆಮೊರಿಯ ನಿಯಂತ್ರಕವು ಪ್ರೊಸೆಸರಿನ ಒಳಗೇ ಇರುವುದರಿಂದ, ಅಲ್ಲಿ ಒಂದು ಪಿನ್ ಬಾಗಿದ್ದರೂ, ಕೂಲರಿನ ತಿರುಪುಗಳನ್ನು ಒಂದು ಬದಿಗೆ ಹೆಚ್ಚು ಬಿಗಿಸಿದ್ದರೂ ಸ್ಲಾಟ್ ಒಂದು ಮಾಯವಾಗಬಹುದು. ನನಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ.

32 ಜಿಬಿ ಕಂಡಿತು. ಹಳೆಯ ಜೋಡಿಯನ್ನು ಎ2 ಮತ್ತು ಬಿ2ಕ್ಕೆ, ಹೊಸ ಜೋಡಿಯನ್ನು ಎ1 ಮತ್ತು ಬಿ1ಕ್ಕೆ ಹಾಕಿದ್ದೇನೆ. ಒಂದು ಜೋಡಿಯ ಎರಡೂ ಸ್ಟಿಕ್‌ಗಳು ಬೇರೆ ಬೇರೆ ಚಾನೆಲ್‌ಗಳಲ್ಲಿ, ಅಂದರೆ ಪ್ರೊಸೆಸರಿಗೆ ಹೋಗುವ ಎ ಮತ್ತು ಬಿ ಎಂಬ ಎರಡು ದಾರಿಗಳಲ್ಲಿ, ಇರಬೇಕು. ಎರಡೇ ಸ್ಟಿಕ್ ಇರುವವರು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳನ್ನು ಬಳಸಬೇಕು, ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದೇ ಅಂತಿಮ.

ಆಮೇಲೆ ವೇಗದ ವಿಷಯಕ್ಕೆ ಕೈ ಹಾಕಿದೆ, ಅಲ್ಲಿಂದ ಮೂರನೆಯ ತೊಂದರೆ ಆರಂಭವಾಯಿತು. ನಾಲ್ಕೂ ಸ್ಟಿಕ್‌ಗಳ ಮೇಲೆ 3200 (ಸೆಕೆಂಡಿಗೆ ಎಷ್ಟು ದಶಲಕ್ಷ ಸಾಗಣೆ ಎಂಬ ಲೆಕ್ಕ) ಎಂದು ಮುದ್ರಿಸಲಾಗಿದೆ, ಆದರೆ ಹಾಕಿದ ತಕ್ಷಣ ಅವು ಓಡಿದ್ದು 2666ರಲ್ಲಿ. ಮುದ್ರಿತ ವೇಗ ಬರಬೇಕಾದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಪ್ರೊಫೈಲನ್ನು, ಅಂದರೆ ತಯಾರಕರು ಸ್ಟಿಕ್‌ನಲ್ಲಿಯೇ ಬರೆದಿಟ್ಟ ವೇಗದ ಹೊಂದಿಕೆಯನ್ನು, ನಾವೇ ಚಾಲೂ ಮಾಡಬೇಕು, ಅದು 1.2 ವೋಲ್ಟನ್ನು ಇಲ್ಲಿ 1.35ಕ್ಕೆ ಏರಿಸುತ್ತದೆ. ಡಿಡಿಆರ್5ಗೆ ಪ್ರೊಸೆಸರ್ ತಯಾರಿಸುವ ಎಎಂಡಿಯ ಕಡೆ ಇದೇ ಕೆಲಸ ಮಾಡುವ ಎಕ್ಸ್‌ಪೋ ಬಂದದ್ದು 2022ರಲ್ಲಿ. ಯಂತ್ರಾಂಶದ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ 1600 ಎಂದು ಕಂಡರೆ ಅರ್ಧ ವೇಗ ಕಾಣೆಯಾಯಿತೆಂದು ಗಾಬರಿಯಾಗಬೇಡಿ. ಒಂದು ಗಡಿಯಾರ ಬಡಿತಕ್ಕೆ ಎರಡು ಬಾರಿ ದತ್ತಾಂಶ ಸಾಗಿಸುವುದು ಡಿಡಿಆರ್‌ನ ಸ್ವಭಾವ, 1600ರ ಎರಡರಷ್ಟೇ 3200.

3200ರಲ್ಲಿ ಕಂಪ್ಯೂಟರ್ ಚಾಲೂ ಆಯಿತು, ನಾನು ಸಂಭ್ರಮಪಟ್ಟೆ. ಅದೇ ಸಂಜೆ ಬ್ರೌಸರಿನ ಟ್ಯಾಬುಗಳು ತಾವಾಗಿಯೇ ಮುಚ್ಚತೊಡಗಿದವು, ಮರುದಿನ ಒಂದು ಜಿಪ್ ಫೈಲ್ ಬಿಚ್ಚುವಾಗ ದತ್ತಾಂಶ ಹಾಳಾಗಿದೆ ಎಂಬ ಸೂಚನೆ ಬಂತು, ಮಧ್ಯಾಹ್ನದ ಹೊತ್ತಿಗೆ ಮೆಮೊರಿ ಮ್ಯಾನೇಜ್‌ಮೆಂಟ್ ಎಂಬ ಬರಹದೊಡನೆ ನೀಲಿ ಪರದೆ. ಈ ಹಂತದಲ್ಲಿ ಕಂಪ್ಯೂಟರನ್ನು ಹೇಗೋ ಬಳಸುತ್ತ ಹೋಗುವುದು ಸಲ್ಲದು. ಚಾಲೂ ಆಗದ ಕಂಪ್ಯೂಟರ್ ಏನನ್ನೂ ಕೆಡಿಸುವುದಿಲ್ಲ. ತಪ್ಪು ಬಿಟ್ ಹಿಡಿದುಕೊಂಡ ರ‍್ಯಾಮ್ ಆ ತಪ್ಪನ್ನು ನೀವು ಉಳಿಸುವ ಫೋಟೊಗೆ, ಲೆಕ್ಕದ ಹಾಳೆಗೆ ಸದ್ದಿಲ್ಲದೆ ಬರೆದುಬಿಡುತ್ತದೆ.

ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಓಡಿಸಿದೆ. ಅದು ವಿಂಡೋಸ್ ಇಲ್ಲದೆಯೇ ಬೂಟ್ ಆಗುವುದರಿಂದ ಮೆಮೊರಿಯ ಬಹುಪಾಲನ್ನು ಮುಟ್ಟಿ ನೋಡಬಲ್ಲದು. ಇಪ್ಪತ್ತನೆಯ ನಿಮಿಷಕ್ಕೆ ಕೆಂಪು ಸಾಲುಗಳು ಬಂದವು. ಇಲ್ಲಿ ಒಂದೆರಡು ತಪ್ಪು ಇದ್ದರೆ ಪರವಾಗಿಲ್ಲ ಎಂಬ ರಿಯಾಯಿತಿ ಇಲ್ಲ. ಬರಬೇಕಾದ ಸಂಖ್ಯೆ ಸೊನ್ನೆ. ಮತ್ತೆ ಹೊಸ ಜೋಡಿಯ ಮೇಲೆ ಕಣ್ಣು ಬಿತ್ತು, ಆದರೆ ಈ ಬಾರಿ ಕೈ ತಡೆದುಕೊಂಡೆ. ಹೊಸ ಜೋಡಿಯನ್ನು ಮಾತ್ರ ಎ2, ಬಿ2ರಲ್ಲಿಟ್ಟು 3200ರಲ್ಲಿ ಓಡಿಸಿದೆ: ಸೊನ್ನೆ. ಹಳೆಯ ಜೋಡಿ ಮಾತ್ರ: ಸೊನ್ನೆ. ನಾಲ್ಕೂ ಸೇರಿದರೆ ಮತ್ತೆ ಕೆಂಪು.

ಯಾವ ಸ್ಟಿಕ್ಕೂ ಕೆಟ್ಟಿರಲಿಲ್ಲ, ಅವುಗಳ ಕೂಟವೇ ಕೂಡಿಬರುತ್ತಿರಲಿಲ್ಲ. ಪೆಟ್ಟಿಗೆಯ ಮೇಲಿನ ವೇಗದ ಭರವಸೆ ಆ ಪೆಟ್ಟಿಗೆಯೊಳಗಿನ ಎರಡು ಸ್ಟಿಕ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಎರಡು ಪೆಟ್ಟಿಗೆಗಳನ್ನು ಬೆರೆಸಿದರೆ ಅಲ್ಲ. ಮಾದರಿಯ ಹೆಸರು ಒಂದೇ ಆಗಿದ್ದರೂ ಮೂರು ವರ್ಷಗಳ ಅಂತರದಲ್ಲಿ ಒಳಗಿನ ಚಿಪ್‌ಗಳು ಬದಲಾಗಿರಬಹುದು. ಅದರ ಮೇಲೆ, ಒಂದು ಚಾನೆಲ್ಲಿಗೆ ಎರಡು ಸ್ಟಿಕ್ ಆದಾಗ ನಿಯಂತ್ರಕದ ಹೊರೆ ಹೆಚ್ಚಿ ಸಂಕೇತಗಳ ಸ್ಪಷ್ಟತೆ ಕುಗ್ಗುತ್ತದೆ. ಇದನ್ನು ತಯಾರಕರೇ ಒಪ್ಪಿಕೊಳ್ಳುತ್ತಾರೆ: ರೈಜನ್ 7000 ಸಾಲಿನ ಪ್ರೊಸೆಸರುಗಳಿಗೆ ಎಎಂಡಿಯ ಅಧಿಕೃತ ಮಿತಿ ಎರಡು ಸ್ಟಿಕ್‌ಗಳಿಗೆ 5200, ನಾಲ್ಕಕ್ಕೆ 3600.

ಹೀಗಾಗಿ ಪ್ರೊಫೈಲನ್ನು ಹಾಗೆಯೇ ಇಟ್ಟು ವೇಗವನ್ನು ಮಾತ್ರ 2933ಕ್ಕೆ ಇಳಿಸಿದೆ. ವೋಲ್ಟೇಜ್ ಏರಿಸಿ 3200ರಲ್ಲಿಯೇ ಹಟ ಹಿಡಿಯಬಹುದಿತ್ತು. ವಿಡಿಯೊ ಎಡಿಟ್ ಮಾಡುವ ನನಗೆ ಆ ವ್ಯತ್ಯಾಸಕ್ಕಿಂತ ಹೆಚ್ಚುವರಿ 16 ಜಿಬಿಯ ನಿಶ್ಚಿಂತೆ ಮುಖ್ಯ. ಇಂಥ ಪ್ರಯೋಗದಲ್ಲಿ ಬೋರ್ಡು ಬೂಟ್ ಆಗಲೇ ನಿರಾಕರಿಸಿದರೆ ಹೆದರಬೇಕಾಗಿಲ್ಲ. ಕೇಬಲ್ ತೆಗೆದು, ಕೈಪಿಡಿ ತೋರಿಸುವ ಜಂಪರಿನಿಂದ (ಬೋರ್ಡಿನ ಮೇಲಿನ ಪುಟ್ಟ ಪಿನ್ನುಗಳು) ಸಿಮಾಸ್, ಅಂದರೆ ಬಯೋಸ್‌ನ ಉಳಿಸಿಟ್ಟ ಹೊಂದಿಕೆಗಳನ್ನು, ಅಳಿಸಿದರೆ, ಅಥವಾ ಸಿಆರ್2032 ಬಟನ್ ಸೆಲ್ಲನ್ನು ಕೆಲವು ನಿಮಿಷ ಹೊರಗಿಟ್ಟರೆ, ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ.

ಈ ವೇಗವಾಗಿ ಓಡುತ್ತಿರುವ ದೃಶ್ಯ ರಾತ್ರಿಯಿಡೀ ನಡೆದ ಪರೀಕ್ಷೆ. ಎಡಗಡೆ ಸುತ್ತುಗಳ ಎಣಿಕೆ ಏರುತ್ತಿದೆ, ತಪ್ಪುಗಳ ಎದುರಿಗೆ ಸೊನ್ನೆ ಹಾಗೆಯೇ ನಿಂತಿದೆ. ಬೆಳಿಗ್ಗೆ ನಾಲ್ಕನೆಯ ಸುತ್ತು ಮುಗಿದಾಗ ಒಂದು ಚೀಟಿಯಲ್ಲಿ ಯಾವ ಜೋಡಿ ಯಾವ ಸ್ಲಾಟಿನಲ್ಲಿದೆ, ವೇಗ ಎಷ್ಟು, ವೋಲ್ಟೇಜ್ ಎಷ್ಟು ಎಂಬುದನ್ನು ಬರೆದು ಕ್ಯಾಬಿನೆಟ್ಟಿನ ಬಾಗಿಲಿನ ಒಳಮೈಗೆ ಅಂಟಿಸಿದೆ. ಬಿ1ರ ಮುಂದೆ ಧೂಳು ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. ಈಗ ಬಾಗಿಲು ಮುಚ್ಚುತ್ತಿದ್ದೇನೆ.