ನದಿಯಿಲ್ಲದ ನಾಡಿನಲ್ಲಿ ಒಂದು ಮುಳುಗು

ಮೈಸೂರು ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಗಾರು ಹಿಡಿಯಿತೆಂದರೆ ನಮ್ಮ ಮಂಡ್ಯದ ಕಡೆ ಇಬ್ಬರು ಎದುರಾದಾಗ ಯೋಗಕ್ಷೇಮಕ್ಕಿಂತ ಮೊದಲು ಬರುವ ಪ್ರಶ್ನೆ, "ಕಟ್ಟೆ ಎಷ್ಟಡಿ ಆಯ್ತು?" ಎಂಬುದು. ಕಟ್ಟೆಯೆಂದರೆ ಕನ್ನಂಬಾಡಿ. ಅದರ ಪೂರ್ಣ ಮಟ್ಟ 124.80 ಅಡಿ ಎಂಬುದು ಓದುಬರಹ ಬಾರದವರಿಗೂ ಬಾಯಿಪಾಠವಾಗಿದೆ. ಅಂಥ ನೆಲದಲ್ಲಿ ಹುಟ್ಟಿ, ಅಣ್ಣಂದಿರ ಹಿಂದೆ ಓಡಿಹೋಗಿ ನಾಲೆಯಲ್ಲಿ ಈಜು ಕಲಿತು, ಆಮೇಲೆ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಭೂಗೋಳ ಪಾಠ ಹೇಳುತ್ತಿರುವ ನಾನು, ಕಳೆದ ಬೇಸಿಗೆ ರಜೆಯಲ್ಲಿ, ಒಂದು ಹೊಳೆಯಾಗಲಿ ಹಳ್ಳವಾಗಲಿ ಇಲ್ಲದ ನಾಡಿಗೆ ಹೋಗಿ ಒಂದು ವಾರ ಇದ್ದು ಬಂದೆ. ಅದು ಲಕ್ಷದ್ವೀಪದ ಕಡಮತ್ ದ್ವೀಪ. ಹೋದದ್ದು ಸ್ಕೂಬಾ ಡೈವಿಂಗ್ ಕಲಿಯುವುದಕ್ಕೆ. ಐವತ್ತು ದಾಟಿದವಳಿಗೆ ಇದೇನು ಹುಚ್ಚು ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಕರೆದುಕೊಂಡು ಹೋದ ನನ್ನ ಅಣ್ಣನ ಮಗಳು ಮಾತ್ರ ಕೇಳಲಿಲ್ಲ.

ಅಲ್ಲಿಗೆ ಮನಸ್ಸು ಬಂದ ಕೂಡಲೇ ಹೊರಟುಬಿಡುವಂತಿಲ್ಲ. ಮೊದಲು ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ಪಡೆದು, ಅದರ ಆಧಾರದ ಮೇಲೆ ದ್ವೀಪಾಡಳಿತದ ಪ್ರವೇಶ ಪರವಾನಗಿಯನ್ನು ಪಡೆಯಬೇಕು. 1967ರ ನಿಯಮಗಳು ಇಂದಿಗೂ ಹಾಗೆಯೇ ಹೇಳುತ್ತವೆ. ಆಮೇಲೆ ಕೊಚ್ಚಿಯಿಂದ ಹಡಗು. ಮಧ್ಯಾಹ್ನ ಹತ್ತಿದ ನಾವು ಮರುದಿನ ಬೆಳಗ್ಗೆ ಕಣ್ಣುಬಿಟ್ಟಾಗ ನೀಲಿಯ ನಡುವೆ ಹಸಿರು ದಾರದ ತುಂಡಿನಂತೆ ದ್ವೀಪ ಕಾಣಿಸಿತು. ದಾರ ಎಂದದ್ದು ಉತ್ಪ್ರೇಕ್ಷೆಯಲ್ಲ. ಕಡಮತ್ ಸುಮಾರು ಒಂಬತ್ತು ಕಿಲೋಮೀಟರ್ ಉದ್ದವಿದ್ದರೆ, ಅದರ ಅಗಲ ಹೆಚ್ಚೆಂದರೆ ಅರ್ಧ ಕಿಲೋಮೀಟರಿನ ಆಸುಪಾಸು. ಲಕ್ಷದ್ವೀಪದ 36 ದ್ವೀಪಗಳನ್ನೂ ಒಟ್ಟುಗೂಡಿಸಿದರೆ ಬರುವ ನೆಲ 32 ಚದರ ಕಿಲೋಮೀಟರ್, ಅಂದರೆ ತುಂಬಿ ನಿಂತ ಕನ್ನಂಬಾಡಿಯ ನೀರು ಹರಡಿಕೊಳ್ಳುವ ಜಾಗದ ಕಾಲುಭಾಗ. ಅದರಲ್ಲಿ ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ ಮಾತ್ರ.

ನಾವು ಇಳಿದುಕೊಂಡದ್ದು ತಮ್ಮ ಮನೆಯ ಒಂದು ಭಾಗವನ್ನು ಅತಿಥಿಗಳಿಗೆ ಬಿಟ್ಟುಕೊಡುವ ಒಂದು ಕುಟುಂಬದಲ್ಲಿ. ಮನೆಯ ಹಿರಿಯಾಕೆಯನ್ನು ಎಲ್ಲರೂ ಕರೆಯುವಂತೆ ನಾವೂ ಉಮ್ಮ ಎಂದೇ ಕರೆದೆವು. ಅವರ ಮಾತು ಜೆಸರಿ, ಮಲಯಾಳದ ಒಂದು ದ್ವೀಪರೂಪ. ಅರ್ಧಕ್ಕರ್ಧ ನನಗೆ ಅರ್ಥವಾಗುತ್ತಿತ್ತು, ಉಳಿದದ್ದನ್ನು ಅವರ ಕೈಸನ್ನೆ ಹೇಳುತ್ತಿತ್ತು. ಮೊದಲ ದಿನವೇ ನನ್ನ ಕಣ್ಣು ಹೋದದ್ದು ಹಿತ್ತಲಿನ ಬಾವಿಯ ಕಡೆಗೆ. ಆಳು ಎತ್ತರವೂ ಇಲ್ಲದ ಆ ಬಾವಿಯಲ್ಲಿ ಬೆಳಗ್ಗೆ ಕಂಡ ಕಲ್ಲಿನ ಗುರುತು ಮಧ್ಯಾಹ್ನ ಕಾಣಲಿಲ್ಲ, ಸಂಜೆಗೆ ಮತ್ತೆ ಕಾಣಿಸಿತು. ಕಡಲಿನ ಉಬ್ಬರವಿಳಿತದ ಜೊತೆಗೆ ಬಾವಿಯ ಸಿಹಿನೀರೂ ಏರಿ ಇಳಿಯುತ್ತಿತ್ತು.

ಇದರ ಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹವಳದ ನೆಲ ಜರಡಿಯಂಥದು. ಮಳೆಯ ನೀರು ಅದರಲ್ಲಿ ಹರಿಯದೆ ಇಂಗುತ್ತದೆ. ಇಂಗಿದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆಯೇ, ಹಾಲಿನ ಮೇಲೆ ಕೆನೆ ನಿಂತಂತೆ, ಒಂದು ಪದರವಾಗಿ ತೇಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ನಲವತ್ತಡಿಯವರೆಗೆ ಅದು ಇಳಿದಿರಬೇಕೆಂಬುದು ಪುಸ್ತಕದ ಲೆಕ್ಕ. ಆದರೆ ಇಷ್ಟು ಕಿರಿದಾದ ತೂತುನೆಲದಲ್ಲಿ ಎರಡೂ ಕಲೆತುಹೋಗುವುದರಿಂದ ನಿಜವಾದ ಪದರ ಅದಕ್ಕಿಂತ ತೀರ ತೆಳುವಾಗಿರುತ್ತದೆ. ಪಂಪು ಹಾಕಿ ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಮೇಲಕ್ಕೆ ಬಂದು ಬಾವಿ ಕೆಡುತ್ತದೆ. ಉಮ್ಮ ಆ ಬಾವಿಯಿಂದ ಕೈಯಲ್ಲೇ ಸೇದುತ್ತಿದ್ದರು, ಅದೂ ಎಣಿಸಿಟ್ಟ ಕೊಡಗಳನ್ನು. ಈಗ ಇನ್ನೊಂದು ಆಸರೆಯೂ ಇದೆ. ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಕುಡಿಯುವ ನೀರು ಕೊಡುವ ಘಟಕವೊಂದು 2024ರ ಜನವರಿಯಲ್ಲಿ ಕಡಮತ್ತಿನಲ್ಲಿ ಉದ್ಘಾಟನೆಯಾಗಿದೆ. ಮೇಲಿನ ಬೆಚ್ಚನೆಯ ಕಡಲನೀರನ್ನು ಗಾಳಿಯ ಒತ್ತಡ ತಗ್ಗಿಸಿದ ಕೋಣೆಯಲ್ಲಿ ಆವಿಯಾಗಿಸಿ, ನೂರಾರು ಮೀಟರ್ ಆಳದಿಂದ ಕೊಳವೆಯಲ್ಲಿ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ಹನಿಯಾಗಿಸುವ ಈ ವಿಧಾನಕ್ಕೆ ಬೆಂಕಿ ಬೇಕಿಲ್ಲ. ನಾಲೆಯ ತೂಬು ಎತ್ತಿದರೆ ಸಾಕು ಗದ್ದೆಗೆ ನೀರು ನುಗ್ಗುವುದನ್ನು ಕಂಡು ಬೆಳೆದವಳಿಗೆ ಒಂದು ಚೊಂಬು ನೀರಿನ ಹಿಂದೆ ಇಷ್ಟು ಕಥೆ ಇರುವುದು ಹೊಸದಾಗಿತ್ತು.

ಉಮ್ಮನ ಮನೆ ಉಮ್ಮನದೇ. ಗಂಡನದಲ್ಲ. ಇಸ್ಲಾಂ ಧರ್ಮವನ್ನು ಅನುಸರಿಸುವ ಈ ದ್ವೀಪದವರಲ್ಲಿ ತರವಾಡು ಎಂಬ ಮನೆತನ ತಾಯಿಯ ಕಡೆಯಿಂದ ಇಳಿದುಬರುತ್ತದೆ. ಮದುವೆಯಾದ ಗಂಡು ತನ್ನ ತಾಯಿಯ ಮನೆಯಲ್ಲಿಯೇ ಉಳಿದು ರಾತ್ರಿಗಳಲ್ಲಿ ಹೆಂಡತಿಯ ಮನೆಗೆ ಬಂದುಹೋಗುವ ಹಳೆಯ ಪದ್ಧತಿಯ ಬಗ್ಗೆ ಅವರು ನಗುತ್ತಾ ಹೇಳಿದರು. ಆಸ್ತಿಯಲ್ಲಿ ಎರಡು ಬಗೆ. ತರವಾಡಿನ ಸಮಸ್ತರಿಗೂ ಸೇರಿದ, ಪಾಲು ಮಾಡದ ಆಸ್ತಿ ವೆಳ್ಳಿಯಾಳ್ಚ ಸ್ವತ್ತು, ಅಂದರೆ ಶುಕ್ರವಾರದ ಸ್ವತ್ತು. ಒಬ್ಬರು ಸ್ವಂತ ದುಡಿಮೆಯಿಂದ ಗಳಿಸಿದ್ದು ತಿಂಗಳಾಳ್ಚ ಸ್ವತ್ತು, ಸೋಮವಾರದ್ದು. ಬೆಳ್ಳಿ, ತಿಂಗಳು ಎಂಬ ಕನ್ನಡದ ಮಾತುಗಳನ್ನು ಬಲ್ಲವರಿಗೆ ಈ ಹೆಸರುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹಿತ್ತಲ ದಿವಿಹಲಸಿನ ಮರದ ಕೆಳಗೆ ಕುಳಿತು ಈ ಮಾತು ಕೇಳುತ್ತಿದ್ದಾಗ, ಆ ಮರದ ಹೆಸರಿನಲ್ಲಿರುವ 'ದಿವಿ' ದ್ವೀಪವೆಂಬುದೇ ಅಲ್ಲವೇ ಎಂದು ನನಗೆ ಹೊಳೆಯಿತು. ಇಷ್ಟು ವರ್ಷ ಆ ಕಾಯಿಯ ಪೋಡಿ ತಿಂದಿದ್ದೇನೆ, ಹೆಸರನ್ನು ಒಡೆದು ನೋಡಿರಲಿಲ್ಲ.

ಶ್ರೀರಂಗಪಟ್ಟಣಕ್ಕೂ ಈ ದ್ವೀಪಕ್ಕೂ ಒಂದು ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಆಳ್ವಿಕೆಯಿಂದ ಬೇಸತ್ತ ದ್ವೀಪವಾಸಿಗಳಲ್ಲಿ ಕೆಲವರು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡರು, ದ್ವೀಪಗಳು ಅವನ ಆಡಳಿತಕ್ಕೆ ಸೇರಿದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿ ಸರ್ಕಾರದ ವಶವಾದವು. ಮುಂದೆ ಒಂದೂವರೆ ಶತಮಾನ ಅವುಗಳ ಆಡಳಿತ ನಡೆದದ್ದು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಸರ್ಕಾರಕ್ಕೆ ಒಪ್ಪಿಸಿ ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂದಿತು. ಅದೇ ದಿನ ಈ ದ್ವೀಪಗಳು ಆ ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ನಮ್ಮ ರಾಜ್ಯೋತ್ಸವದ ದಿನವೇ ಅವರಿಗೂ ಹುಟ್ಟುಹಬ್ಬ. ಪ್ರತಿ ವರ್ಷ ಬಾವುಟ ಹಾರಿಸಿ ಭಾಷಣ ಮಾಡುವ ನಮ್ಮ ಶಾಲೆಯಲ್ಲಿ ಇದನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ನಾನೂ ಹೇಳಿರಲಿಲ್ಲ.

ಇನ್ನು ಮುಳುಗುವ ವಿಚಾರ. ದ್ವೀಪದ ಪಡುವಣ ಮಗ್ಗುಲಿಗೆ, ಹವಳದ ದಿಬ್ಬದ ಗೋಡೆಯೊಳಗೆ, ಲಗೂನ್ ಎಂಬ ತಿಳಿಗಡಲು ಇದೆ. ಅಲೆಯಿಲ್ಲದ ಆ ನೀರಿನಲ್ಲಿ ಎದೆಯಾಳಕ್ಕೆ ನಿಲ್ಲಿಸಿ ಮೊದಲ ಪಾಠ ಹೇಳಿದ ತರುಣ ಅದೇ ದ್ವೀಪದವನು. ನನ್ನನ್ನು ಅವನು "ಟೀಚರ್" ಎಂದೇ ಕರೆಯುತ್ತಿದ್ದ, ಆದರೆ ಶಿಷ್ಯೆಯಂತೆಯೇ ಗದರಿಸುತ್ತಿದ್ದ. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಬರಿಯ ಆಮ್ಲಜನಕವಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಅದರಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೇ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಕಿವಿ ಮೊದಲು ದೂರು ಕೊಡುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಸರಿಹೋಗುತ್ತದೆ, ಸರಿಹೋಗುವವರೆಗೆ ಕೆಳಗೆ ಹೋಗಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಉಸಿರು ಬಿಗಿಹಿಡಿಯಬಾರದು ಎಂಬುದು. ಹತ್ತು ಮೀಟರಿನಲ್ಲಿ ಎದೆ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ, ಬಿಡದಿದ್ದರೆ ಶ್ವಾಸಕೋಶ ಹರಿಯುತ್ತದೆ. ನಾಲೆಯಲ್ಲಿ ಉಸಿರು ಕಟ್ಟಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಪಂದ್ಯ ಕಟ್ಟಿ ಬೆಳೆದವಳು ಆ ಅಭ್ಯಾಸವನ್ನು ಮರೆಯುವುದಕ್ಕೆ ಎರಡು ದಿನ ಹಿಡಿಯಿತು. ಹೆಬ್ಬೆರಳು ಎತ್ತಿ ತೋರಿಸುವ ಅಭ್ಯಾಸ ಇನ್ನೊಂದು ತೊಡಕಾಯಿತು. ನೀರೊಳಗೆ ಹಾಗೆಂದರೆ 'ಸೊಗಸಾಗಿದೆ' ಎಂದಲ್ಲ, 'ಮೇಲಕ್ಕೆ ಹೋಗೋಣ' ಎಂದು. ನಾನು ಸಂತೋಷಪಟ್ಟಾಗಲೆಲ್ಲ ಆ ಹುಡುಗ ನನ್ನನ್ನು ಮೇಲಕ್ಕೆ ತಂದುಬಿಡುತ್ತಿದ್ದ.

ಮೂರನೆಯ ದಿನ ದೋಣಿಯಲ್ಲಿ ದಿಬ್ಬದ ಹೊರಮಗ್ಗುಲಿಗೆ ಹೋಗಿ, ಹನ್ನೆರಡು ಮೀಟರ್, ಅಂದರೆ ಸುಮಾರು ನಲವತ್ತು ಅಡಿ ಇಳಿದೆವು. ಕಟ್ಟೆಯ ಲೆಕ್ಕದಲ್ಲಿ ಮೂರರಲ್ಲೊಂದು ಭಾಗ. ಚಾಮುಂಡಿ ಬೆಟ್ಟದಲ್ಲಿ ಕಟ್ಟಿಸಿಕೊಂಡಿದ್ದ ಮುಂಗೈಯ ಕೆಂಪು ದಾರ ಅಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಬಿಸಿಲಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನೇ. ಹುಡುಗ ಟಾರ್ಚು ಬಿಟ್ಟಾಗ ದಾರ ಮತ್ತೆ ಕೆಂಪಾಯಿತು, ಬೂದುಗಲ್ಲು ಎಂದುಕೊಂಡಿದ್ದದ್ದೂ ಕೆಂಪಾಯಿತು. ಎಲ್ಲಿಂದಲೋ ಕಡ್ಡಿ ಮುರಿದಂತೆ ಚಟಪಟ ಸದ್ದು ಕೇಳಿಸುತ್ತಿತ್ತು, ಎಲ್ಲಿಂದ ಎಂದು ತಿಳಿಯದು, ಏಕೆಂದರೆ ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಬಂದು ಎರಡು ಕಿವಿಗಳಿಗೂ ಒಟ್ಟಿಗೆ ಮುಟ್ಟಿಬಿಡುತ್ತದೆ. ಹತ್ತಿರದಲ್ಲಿ ಗಿಳಿಮೀನುಗಳು ಹವಳದ ಕಲ್ಲನ್ನು ಕರಕರನೆ ಕಡಿಯುತ್ತಿದ್ದವು. ಕಲ್ಲಿಗಂಟಿದ ಪಾಚಿಗಾಗಿ ಕಲ್ಲನ್ನೇ ತಿಂದು, ಅರೆದು, ಹಿಂದಿನಿಂದ ಬಿಳಿಯ ಮರಳಾಗಿ ಬಿಡುತ್ತವೆ. ದೊಡ್ಡದೊಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ಪ್ರವಾಸಿಗರು ಮೈಮರೆತು ಹೊರಳಾಡುವ ಆ ಬೆಳ್ಳನೆಯ ದಂಡೆಯಲ್ಲಿ ಬಹುಪಾಲು ಮೀನಿನ ಲದ್ದಿ ಎಂದು ಹೇಳಿದರೆ ನನ್ನ ಅಣ್ಣನ ಮಗಳಿಗೆ ಸಿಟ್ಟು ಬಂದಿತು.

ಕಂಕಣ ದ್ವೀಪ ಹೇಗೆ ಹುಟ್ಟುತ್ತದೆಂದು ಎಷ್ಟೋ ಬಾರಿ ಕಪ್ಪು ಹಲಗೆಯ ಮೇಲೆ ವೃತ್ತ ಬರೆದು ತೋರಿಸಿದ್ದೇನೆ. ಜ್ವಾಲಾಮುಖಿಯ ಬೆಟ್ಟ ಮೆಲ್ಲಮೆಲ್ಲನೆ ಕುಸಿಯುತ್ತದೆ, ಅದರ ಅಂಚಿಗೆ ಕಟ್ಟಿದ ಹವಳ ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ, ಕಡೆಗೆ ಬೆಟ್ಟ ಮುಳುಗಿ ಬಳೆ ಮಾತ್ರ ಉಳಿಯುತ್ತದೆ. 1842ರಲ್ಲಿ ಡಾರ್ವಿನ್ ಪ್ರಕಟಿಸಿದ ಈ ವಿವರಣೆಯನ್ನು ನಾನು ನಂಬಿದ್ದೆ, ನೋಡಿರಲಿಲ್ಲ. ಆ ಗೋಡೆಯ ಪಕ್ಕದಲ್ಲಿ ತೇಲುತ್ತಾ, ಸಾಸಿವೆ ಕಾಳಿನಷ್ಟು ಜೀವಿಗಳು ಒಂದರ ಗೂಡಿನ ಮೇಲೆ ಒಂದು ಗೂಡು ಕಟ್ಟಿ ಎತ್ತಿದ ಕಟ್ಟಡವನ್ನು ಕೆಳಗಿನಿಂದ ಮೇಲಕ್ಕೆ ದಿಟ್ಟಿಸಿದಾಗ, ಅದರ ನೆತ್ತಿಯ ಮೇಲೆ ಉಮ್ಮನ ಮನೆ, ಬಾವಿ, ಮಸೀದಿ, ಐದು ಸಾವಿರಕ್ಕೂ ಮಿಕ್ಕ ಜನ ಇದ್ದಾರೆಂಬುದು ಮನಸ್ಸಿಗೆ ಇಳಿಯಿತು. ನಮ್ಮ ನೆಲ ಕಾಲ ಕೆಳಗೆ ಸುಮ್ಮನೆ ಇರುತ್ತದೆ. ಅವರದನ್ನು ಯಾರಾದರೂ ದಿನವೂ ಕಟ್ಟುತ್ತಲೇ ಇರಬೇಕು.

ಕಟ್ಟುವವರ ಸ್ಥಿತಿ ಚೆನ್ನಾಗಿಲ್ಲ. ಹವಳದ ಜೀವಿಯ ಮೈಯೊಳಗೆ ಒಂದು ಬಗೆಯ ಪಾಚಿ ಸೇರಿಕೊಂಡು, ಬಿಸಿಲಿನಿಂದ ಆಹಾರ ಮಾಡಿ ಅದಕ್ಕೆ ಉಣಿಸುತ್ತದೆ. ಕಡಲು ಎಂದಿನ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಕಾದರೆ ಸಾಕು, ಜೀವಿ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದಲ್ಲಿ ಹೀಗೆ ಆಯಿತು. ಇದನ್ನು ಅಂದಿನಿಂದಲೂ ಅಳೆದು ಬರೆದಿಟ್ಟವರು ನಮ್ಮ ಮೈಸೂರಿನಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಸಂಶೋಧಕರು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ದಿಬ್ಬಗಳಲ್ಲಿ 1998ರಲ್ಲಿ ನೂರಕ್ಕೆ ಸುಮಾರು 37ರಷ್ಟಿದ್ದ ಜೀವಂತ ಹವಳ ಇಪ್ಪತ್ತನಾಲ್ಕು ವರ್ಷಗಳಲ್ಲಿ 19ರ ಆಸುಪಾಸಿಗೆ ಇಳಿದಿದೆ ಎಂಬುದು ಅವರ ಲೆಕ್ಕ. ಸತ್ತ ಹವಳದ ಕೊಂಬೆಗಳು ಪಾಚಿ ಕಟ್ಟಿ, ಕಬ್ಬು ಕಡಿದ ಮೇಲೆ ಉಳಿದ ಕೂಳೆಯಂತೆ, ಹರಡಿ ನಿಂತಿದ್ದ ಜಾಗವನ್ನೂ ಆ ಹುಡುಗ ಬೇಕೆಂದೇ ನಮಗೆ ತೋರಿಸಿದ. ಹನ್ನೆರಡು ವಯಸ್ಸಿನಲ್ಲಿ ಅಲ್ಲಿ ತಾನು ಮೀನು ಹಿಡಿಯುತ್ತಿದ್ದೆ ಎಂದಷ್ಟೇ ಅವನು ದೋಣಿಗೆ ಬಂದ ಮೇಲೆ ಹೇಳಿದ್ದು.

ಹೋಗುವ ಮನಸ್ಸಿರುವವರಿಗೆ ಒಂದೆರಡು ಮಾತು. ಅಕ್ಟೋಬರಿನಿಂದ ಮೇ ನಡುಭಾಗದವರೆಗೆ ಮಾತ್ರ ಕಡಲು ಸುಮ್ಮನಿರುತ್ತದೆ. ಕೊನೆಯ ಮುಳುಗಾದ ಮೇಲೆ ಹದಿನೆಂಟು ಗಂಟೆಯಾದರೂ ವಿಮಾನ ಹತ್ತಬಾರದು. ಬೆಟ್ಟ ಹತ್ತುವುದಕ್ಕೂ ಅದೇ ಎಚ್ಚರಿಕೆ ಸಲ್ಲುತ್ತದೆ, ನಮ್ಮ ಮೈಸೂರೇ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಹಡಗಿನಲ್ಲಿ ಬಂದ ನಮಗೆ ಆ ಚಿಂತೆ ಇರಲಿಲ್ಲ.

ಹೊರಡುವಾಗ ನಮ್ಮ ಶಾಲೆಯ ಮಕ್ಕಳು ಹವಳ ತನ್ನಿ ಮಿಸ್ ಎಂದು ಪಟ್ಟು ಹಿಡಿದಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ ಹವಳದ ಚೂರನ್ನೂ ತರುವಂತಿಲ್ಲ. ಅದರ ಬದಲು ಉಮ್ಮ ತೆಂಗಿನ ನೀರಾ ಕಾಯಿಸಿ ಮಾಡಿದ ಬೆಲ್ಲದ ಪಾಕವನ್ನು ಒಂದು ಬಾಟಲಿಯಲ್ಲಿ ತುಂಬಿಸಿ ಕೊಟ್ಟರು. ಜೂನಿನಲ್ಲಿ ಶಾಲೆ ತೆರೆದ ದಿನ ಎಲ್ಲರ ಅಂಗೈಗೂ ಒಂದೊಂದು ಚಮಚ ಬಿಟ್ಟೆ. ಆಲೆಮನೆಯ ಮನೆತನದಿಂದ ಬರುವ ಹುಡುಗನೊಬ್ಬ ಅಂಗೈ ನೆಕ್ಕಿ, ಸ್ವಲ್ಪ ಹೊತ್ತು ಯೋಚನೆ ಮಾಡಿ, ರುಚಿ ಚೆನ್ನಾಗಿದೆ ಮಿಸ್, ಆದರೆ ಅಚ್ಚಿಗೆ ಹುಯ್ಯಬೇಕಾದರೆ ಇನ್ನೊಂದು ಕುದಿ ಬೇಕಿತ್ತು ಎಂದ.

ನಮಸ್ಕಾರ.