ಸರಾಸರಿಗೆ ಸಿಗದ ಮಿಡಿತ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಪುಣೆಯಲ್ಲಿ ಇಷ್ಟು ಕನ್ನಡಿಗರು ಖಗೋಳದ ಮಾತು ಕೇಳೋಕೆ ಬಂದಿದ್ದೀರಿ. ಖುಷಿಯಾಯಿತು. ಆಮೇಲೆ ಉಪ್ಪಿಟ್ಟು, ಕೇಸರಿಬಾತು ಇದೆ ಅಂತ ಮೊದಲೇ ಹೇಳಿಬಿಟ್ಟಿದ್ದಾರಂತೆ, ಇರಲಿ.

ನಿಮ್ಮಲ್ಲಿ ತುಂಬಾ ಜನ ನಾಸಿಕ್ ರಸ್ತೆಯಲ್ಲಿ ಓಡಾಡಿರುತ್ತೀರಿ. ಚಾಕಣ್ ದಾಟಿ, ಮಂಚರ್ ದಾಟಿ, ನಾರಾಯಣಗಾಂವ್ ಹತ್ತಿರ ಬಲಕ್ಕೆ ತಿರುಗಿದರೆ ಖೋಡದ್ ಅನ್ನೋ ಹಳ್ಳಿ. ಸುತ್ತ ದ್ರಾಕ್ಷಿ, ಟೊಮೆಟೊ ತೋಟ. ಆ ತೋಟಗಳ ನಡುವೆ 45 ಮೀಟರ್ ಅಗಲದ ಬಲೆಯ ತಟ್ಟೆಗಳು ಆಕಾಶ ನೋಡುತ್ತಾ ನಿಂತಿವೆ. ಅದೇ ಜಿಎಂಆರ್‌ಟಿ, ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್. ಒಟ್ಟು 30 ಆಂಟೆನಾ. 14 ನಡುವೆ ಗುಂಪಾಗಿ, ಉಳಿದ 16 ಇಂಗ್ಲಿಷಿನ 'ವೈ' ಅಕ್ಷರದ ಮೂರು ಕೈಗಳ ಹಾಗೆ ದೂರದೂರಕ್ಕೆ ಹರಡಿವೆ. ತುದಿಯಿಂದ ತುದಿಗೆ ಸುಮಾರು 25 ಕಿಲೋಮೀಟರ್. ರೇಡಿಯೋ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಕನಸು ಅದು. ದಪ್ಪ ಉಕ್ಕಿನ ತಟ್ಟೆ ಮಾಡಿದ್ದರೆ ದುಡ್ಡು ಸಾಲುತ್ತಿರಲಿಲ್ಲ. ಅದಕ್ಕೇ ತೆಳು ತಂತಿಯ ಬಲೆಯನ್ನು ಉಕ್ಕಿನ ಹಗ್ಗಗಳಿಗೆ ಎಳೆದು ಕಟ್ಟಿದರು. ಗಾಳಿ ಅದರೊಳಗೆ ಸುಮ್ನೆ ಹಾದು ಹೋಗುತ್ತದೆ. ರೇಡಿಯೋ ಅಲೆಗೆ ಮಾತ್ರ ಅದು ಕನ್ನಡಿ.

ಇವತ್ತು ನಾನು ಹೇಳೋದು ಒಂದೇ ಒಂದು ನಕ್ಷತ್ರದ ಬಗ್ಗೆ. ಹಾಗೆ ನೋಡಿದರೆ ಅದು ಸತ್ತ ನಕ್ಷತ್ರ.

1054ರ ಜುಲೈ 4ರಂದು ಚೀನಾದವರು ವೃಷಭ ರಾಶಿಯ ಕೊಂಬಿನ ಹತ್ತಿರ ಹೊಸ ನಕ್ಷತ್ರ ಕಂಡರು. 23 ದಿನ ಹಗಲಲ್ಲೇ ಕಾಣಿಸಿತು. ರಾತ್ರಿ ಹೊತ್ತು ಹೆಚ್ಚುಕಡಿಮೆ ಎರಡು ವರ್ಷ ಉಳಿಯಿತು. ಆಗ ಕಲ್ಯಾಣದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ ಆಳುತ್ತಿದ್ದ. ಜುಲೈ ಅಂದರೆ ನಮ್ಮಲ್ಲಿ ಮಳೆಗಾಲ, ಮೋಡ. ನಮ್ಮವರು ನೋಡಬೇಕೆಂದರೂ ಮೋಡ ಬಿಡಬೇಕಲ್ಲ! ಆ ಸ್ಫೋಟದ ಉಳಿಕೆಯೇ ಏಡಿ ನೀಹಾರಿಕೆ, ಕ್ರ್ಯಾಬ್. ಸುಮಾರು 6500 ಜ್ಯೋತಿರ್ವರ್ಷ ದೂರ. ಅದರ ಹೊಟ್ಟೆಯೊಳಗೆ ಒಂದು ಪಲ್ಸಾರ್ ಇದೆ. ನಾವು ನೋಡುತ್ತಿರುವುದು ಅದು ಸಾವಿರ ವರ್ಷದ ಕೂಸಾಗಿದ್ದಾಗಿನ ರೂಪ. ಪಲ್ಸಾರ್‌ಗಳ ಲೆಕ್ಕದಲ್ಲಿ ಇನ್ನೂ ತೊಟ್ಟಿಲಲ್ಲಿರುವ ಮಗು.

ಪಲ್ಸಾರ್ ಅಂದರೆ ಸೂರ್ಯನಿಗಿಂತ ಜಾಸ್ತಿ ತೂಕ, ಪುಣೆಯ ಈ ತುದಿಯ ಹಡಪ್ಸರ್‌ನಿಂದ ಆ ತುದಿಯ ಹಿಂಜವಡಿಗೆ ನೇರ ಗೆರೆ ಎಳೆದಷ್ಟು ಅಗಲ. ಆ ದಾರಿ ನಮಗೆ ಸಂಜೆ ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ, ಅಲ್ವಾ? ಅಷ್ಟು ಹೊತ್ತಿನಲ್ಲಿ ಈ ಪಲ್ಸಾರ್ ಒಂದೂವರೆ ಲಕ್ಷಕ್ಕೂ ಜಾಸ್ತಿ ಸಲ ಗಿರಗಿರ ಸುತ್ತಿರುತ್ತದೆ. ಸೆಕೆಂಡಿಗೆ ಸುಮಾರು 30 ಸುತ್ತು. ಪ್ರತಿ ಸುತ್ತಿಗೂ ಅದರ ರೇಡಿಯೋ ಕಿರಣ ನಮ್ಮ ಕಡೆ ಒಮ್ಮೆ ಹಾಯುತ್ತದೆ. ನಮಗೆ ಅದು ಟಿಕ್ ಟಿಕ್ ಅಂತ ಮಿಡಿದ ಹಾಗೆ.

ಈಗ ನಿಜವಾದ ಕಥೆಗೆ ಬರೋಣ. ಪಲ್ಸಾರ್ ಹುಡುಕುವವರಿಗೆ ಒಂದು ಅಭ್ಯಾಸ. ಒಂದೊಂದು ಮಿಡಿತ ತೀರಾ ಸಣ್ಣದು, ಗದ್ದಲದಲ್ಲಿ ಮುಳುಗಿರುತ್ತದೆ. ಅದಕ್ಕೆ ಸಾವಿರಾರು ಸುತ್ತುಗಳನ್ನು ಒಂದರ ಮೇಲೊಂದು ಮಡಿಸಿ ಸರಾಸರಿ ತೆಗೆಯುತ್ತೇವೆ. ಸೀರೆ ನೆರಿಗೆ ಹಿಡಿದ ಹಾಗೆ. ಅಂಚು ಅಂಚಿಗೆ ಕೂತರೆ ಮಿಡಿತ ಎದ್ದು ಕಾಣುತ್ತದೆ. ಕ್ರ್ಯಾಬ್ ಮಾತ್ರ ಈ ದಾರಿಯಲ್ಲಿ ಸಿಗಲಿಲ್ಲ. 1968ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೋ ವೀಕ್ಷಣಾಲಯದಲ್ಲಿ ಸ್ಟೇಲಿನ್ ಮತ್ತು ರೈಫೆನ್‌ಸ್ಟೈನ್ ಅನ್ನುವ ಇಬ್ಬರಿಗೆ ಆ ಕಡೆಯಿಂದ ಒಂಟೊಂಟಿಯಾಗಿ ಭಾರೀ ಮಿಡಿತಗಳು ಬಂದವು. ಯಾವಾಗ ಬರುತ್ತೆ, ಯಾವಾಗ ಇಲ್ಲ, ಲೆಕ್ಕವೇ ಇಲ್ಲ. ತಾಳ ಎಷ್ಟು ಅಂತ ಅವರಿಗೆ ಗೊತ್ತಾಗಲಿಲ್ಲ. 33 ಮಿಲಿಸೆಕೆಂಡಿನ ತಾಳ ಹಿಡಿದದ್ದು ಆಮೇಲೆ, ಪೋರ್ಟೊ ರಿಕೊದ ಅರೆಸಿಬೋ ರೇಡಿಯೋ ಟೆಲಿಸ್ಕೋಪಿನಲ್ಲಿ. ಮೊದಲು ಪುಂಡಾಟ ಕಂಡಿತು, ಶಿಸ್ತು ಆಮೇಲೆ ಕಂಡಿತು. ಆ ಪುಂಡ ಮಿಡಿತಗಳಿಗೇ ಈಗ ಜೈಂಟ್ ಪಲ್ಸ್ ಅನ್ನುತ್ತೇವೆ.

ಇದರ ಲೆಕ್ಕ ವಿಚಿತ್ರ. ಈ ಹಾಲ್‌ನಲ್ಲಿ ಕೂತವರ ಎತ್ತರ ಅಳೆದರೆ ಎಲ್ಲರೂ ಐದು, ಐದೂವರೆ, ಆರು ಅಡಿ. ಐವತ್ತು ಅಡಿಯವರು ಯಾರೂ ಸಿಗಲ್ಲ. ಬ್ಯಾಂಕ್ ಬ್ಯಾಲೆನ್ಸ್ ಕೇಳಿದರೆ? ಯಾರೋ ಒಬ್ಬರದ್ದು ಉಳಿದವರೆಲ್ಲರದ್ದನ್ನೂ ಸೇರಿಸಿದ್ದಕ್ಕಿಂತ ಜಾಸ್ತಿ ಇರಬಹುದು. (ಕೈ ಎತ್ತಬೇಡಿ.) ಸಾಧಾರಣ ಮಿಡಿತಗಳು ಎತ್ತರದ ಹಾಗೆ. ಜೈಂಟ್ ಪಲ್ಸ್‌ಗಳು ಬ್ಯಾಂಕ್ ಬ್ಯಾಲೆನ್ಸ್ ಹಾಗೆ. ಹತ್ತು ಪಟ್ಟು ದೊಡ್ಡದು ಬೇಕೆಂದರೆ ನೂರಾರು ಪಟ್ಟು ಹೆಚ್ಚು ಹೊತ್ತು ಕಾಯಬೇಕು, ಆದರೆ ಕಾದರೆ ಬರುತ್ತದೆ. ಸರಾಸರಿ ತೆಗೆದರೆ ಮಾತ್ರ ಎಲ್ಲವೂ ಕಲಸಿ ಹೋಗುತ್ತದೆ. ಹಾಗಾಗಿ ಇಲ್ಲಿ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಬೇಕು. ನನಗೆ ಈ ವಿಷಯ ಹಿಡಿಸಿದ್ದೇ ಅದಕ್ಕೆ.

ಎಷ್ಟು ದೊಡ್ಡದು ಅಂತ ಕೇಳುತ್ತೀರಿ. ರೇಡಿಯೋ ಬೆಳಕನ್ನು ಜಾನ್ಸ್ಕಿ ಅನ್ನೋ ಅಳತೆಯಲ್ಲಿ ಹೇಳುತ್ತೇವೆ. ಏಡಿ ನೀಹಾರಿಕೆಯೇ ಸುಮಾರು 1000 ಜಾನ್ಸ್ಕಿ ಹೊಳೆಯುತ್ತದೆ. ಪಲ್ಸಾರ್‌ನ ಸರಾಸರಿ ಹೊಳಪು 1.4 ಗಿಗಾಹರ್ಟ್ಸ್‌ನಲ್ಲಿ ಒಂದು ಜಾನ್ಸ್ಕಿಯ ನೂರನೇ ಒಂದು ಭಾಗದ ಆಸುಪಾಸು. ಜಾತ್ರೆಯ ದೀಪಗಳ ನಡುವೆ ಮಿಂಚುಹುಳ ಹುಡುಕಿದ ಹಾಗೆ. ಆ ಹುಳ ಇದ್ದಕ್ಕಿದ್ದಂತೆ ಇಡೀ ಜಾತ್ರೆಯನ್ನೇ ಮಂಕು ಮಾಡಿಬಿಡುತ್ತದೆ! 2007ರಲ್ಲಿ ಹ್ಯಾಂಕಿನ್ಸ್ ಮತ್ತು ಐಲೆಕ್ ಅರೆಸಿಬೋದಿಂದ ವರದಿ ಮಾಡಿದ ಒಂದು ಸಿಡಿತ 20 ಲಕ್ಷ ಜಾನ್ಸ್ಕಿ ದಾಟಿತ್ತು. ಅದು ಇದ್ದದ್ದು 0.4 ನ್ಯಾನೋಸೆಕೆಂಡಿಗಿಂತ ಕಡಿಮೆ ಹೊತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. 0.4ಕ್ಕೆ 12. ಅಷ್ಟು ಬೇಗ ಹೊತ್ತಿ ಆರಬೇಕಾದರೆ, ಆ ಬೆಳಕು ಬಂದ ಜಾಗ ಅದಕ್ಕಿಂತ ತುಂಬಾ ದೊಡ್ಡದಿರೋಕೆ ಆಗಲ್ಲ. ಹೂವಿನವಳ ಹತ್ತಿರ ಮೊಳ ಹಾಕಿಸಿಕೊಳ್ಳುತ್ತೀರಲ್ಲ, ಇದು ಮೊಳವೂ ಅಲ್ಲ, ಗೇಣೂ ಅಲ್ಲ. ಅರ್ಧ ಗೇಣು. ಆ ಮೂಲ ವಸ್ತುವೇ ನಮ್ಮ ಕಡೆಗೆ ಬೆಳಕಿನ ವೇಗದ ಹತ್ತಿರ ಧಾವಿಸುತ್ತಿದ್ದರೆ ಲೆಕ್ಕ ತುಂಬಾ ಹಿಗ್ಗುತ್ತದೆ, ಒಪ್ಪುತ್ತೇನೆ. ಆದರೂ 6500 ಜ್ಯೋತಿರ್ವರ್ಷ ಆಚೆಯ ಒಂದು ಪುಟ್ಟ ಜಾಗದ ಮಾತು ನಾವು ಕೇಳಿಸಿಕೊಳ್ಳುತ್ತಿದ್ದೇವೆ.

ಇನ್ನು ಖೋಡದ್‌ನ ಪಾಡು. ನಮಗೂ ಕ್ರ್ಯಾಬ್‌ಗೂ ನಡುವಿನ ಖಾಲಿ ಜಾಗ ನಿಜವಾಗಿ ಖಾಲಿ ಅಲ್ಲ, ಅಲ್ಲಲ್ಲಿ ಎಲೆಕ್ಟ್ರಾನ್‌ಗಳಿವೆ. ಪಂಢರಪುರದ ವಾರಿ ಪಾದಯಾತ್ರೆಯಲ್ಲಿ ಆಳಂದಿಯಿಂದ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಜನಜಂಗುಳಿಯಲ್ಲಿ ಮಕ್ಕಳು, ಮುದುಕರು ಹಿಂದೆ ಬೀಳುತ್ತಾರೆ. ಹಾಗೆ ಈ ಎಲೆಕ್ಟ್ರಾನ್‌ಗಳ ನಡುವೆ ಕಡಿಮೆ ಆವರ್ತನದ ಅಲೆಗಳು ಹಿಂದೆ ಬೀಳುತ್ತವೆ. ಜಿಎಂಆರ್‌ಟಿಯಲ್ಲಿ 250ರಿಂದ 500 ಮೆಗಾಹರ್ಟ್ಸ್‌ವರೆಗೆ ಕೇಳುತ್ತಿದ್ದೀವಿ ಅಂದುಕೊಳ್ಳಿ. ಕ್ರ್ಯಾಬ್‌ನ ಒಂದೇ ಮಿಡಿತ 500ರಲ್ಲಿ ಬಂದು, 250ರಲ್ಲಿ ಬರುವಷ್ಟರಲ್ಲಿ 2.8 ಸೆಕೆಂಡ್ ಕಳೆದಿರುತ್ತದೆ. ಅಷ್ಟರೊಳಗೆ ಪಲ್ಸಾರ್ 80ಕ್ಕೂ ಜಾಸ್ತಿ ಸುತ್ತು ಹಾಕಿರುತ್ತದೆ. ಪರದೆ ಮೇಲೆ ಅದು ಬಿಲ್ಲಿನ ಹಾಗೆ ಬಾಗಿದ ಗೆರೆ. ನಾವು ಅದಕ್ಕೆ ಬಾಲ ಅನ್ನುತ್ತಿದ್ದೆವು. ಕಂಪ್ಯೂಟರಿನಲ್ಲಿ ಬಾಲ ನೆಟ್ಟಗೆ ಮಾಡಿದಾಗಲೇ ಮಿಡಿತ ಚೂಪಾಗುತ್ತದೆ.

ಈ ಬಾಲ ನನ್ನ ಮಾನ ಕಳೆದದ್ದೂ ಇದೆ. ವಿದ್ಯಾರ್ಥಿಯಾಗಿದ್ದಾಗ ಒಂದು ರಾತ್ರಿ ದತ್ತಾಂಶ ನೋಡುತ್ತಾ ಕೂತಿದ್ದೆ. ಧಡ್ ಅಂತ ಒಂದು ಗೆರೆ, ಪರದೆಯ ಮೇಲಿಂದ ಕೆಳಗಿನವರೆಗೆ. ಅಷ್ಟು ದೊಡ್ಡದನ್ನು ನಾನು ನೋಡೇ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದ ಹಿರಿಯರನ್ನು ಎಬ್ಬಿಸಿಕೊಂಡು ಬಂದೆ. ಅವರು ಕಣ್ಣುಜ್ಜಿಕೊಂಡು ಒಂದೇ ಮಾತು ಕೇಳಿದರು: "ಬಾಲ ಎಲ್ಲಿ?" ಗೆರೆ ನೆಟ್ಟಗಿತ್ತು. ಎಲ್ಲಾ ಆವರ್ತನದಲ್ಲೂ ಒಟ್ಟಿಗೇ ಬಂದಿತ್ತು. ಅಂದರೆ ಆಕಾಶದ್ದಲ್ಲ, ನೆಲದ್ದು. ಎಲ್ಲೋ ವಿದ್ಯುತ್ ತಂತಿಯ ಕಿಡಿ. ಅವರು ಹೋಗಿ ಮತ್ತೆ ಮಲಗಿದರು. ನನಗೆ ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಖೋಡದ್‌ಗೆ ಭೇಟಿ ಕೊಟ್ಟಾಗ ಮೊಬೈಲ್ ಆಫ್ ಮಾಡಿ ಅನ್ನೋದು ಇದಕ್ಕೇ. ಬೇಸರ ಮಾಡಿಕೊಳ್ಳಬೇಡಿ.

ಯಾಕೆ ಹೀಗೆ ಸಿಡಿಯುತ್ತದೆ? ಒಮ್ಮತ ಇನ್ನೂ ಇಲ್ಲ. ಆದರೆ ಸುಳಿವುಗಳಿವೆ. ಪಲ್ಸಾರ್ ಜೊತೆ ಅದರ ಕಾಂತಕ್ಷೇತ್ರವೂ ಸುತ್ತುತ್ತದೆ. ಕ್ರ್ಯಾಬ್‌ನಲ್ಲಿ ಸುಮಾರು 1600 ಕಿಲೋಮೀಟರ್ ದೂರಕ್ಕೆ, ಅಂದರೆ ಪುಣೆಯಿಂದ ಕೋಲ್ಕತ್ತಕ್ಕೆ ಇರುವಷ್ಟು ದೂರಕ್ಕೆ ಹೋದರೆ, ಜೊತೆಗೆ ಸುತ್ತೋಕೆ ಬೆಳಕಿನ ವೇಗವೇ ಬೇಕು. ಆ ಗಡಿಯಲ್ಲಿ ಕಾಂತಕ್ಷೇತ್ರ ಭಾರೀ ಇರುವ ಪಲ್ಸಾರ್‌ಗಳಲ್ಲೇ ಜೈಂಟ್ ಪಲ್ಸ್ ಜಾಸ್ತಿ ಸಿಕ್ಕಿವೆ. ಪಕ್ಕದ ಗೆಲಾಕ್ಸಿ ದೊಡ್ಡ ಮೆಗೆಲನ್ ಮೋಡದಲ್ಲಿರುವ ಬಿ0540-69 ಅಂಥದ್ದೇ ಇನ್ನೊಂದು ಕೂಸು. ಸುಮಾರು 1,60,000 ಜ್ಯೋತಿರ್ವರ್ಷದಿಂದ ಅದರ ಒಂಟಿ ಮಿಡಿತಗಳು ನಮಗೆ ಕೇಳಿಸಿವೆ. 2021ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಕ್ರ್ಯಾಬ್‌ನಲ್ಲಿ ಜೈಂಟ್ ಪಲ್ಸ್ ಬಂದ ಸುತ್ತಿನಲ್ಲೇ ಎಕ್ಸ್-ರೇ ಕೂಡ ಸುಮಾರು ಶೇಕಡಾ 4 ಏರುತ್ತದೆ. ನಾಲ್ಕೇ ಅಂತ ಮೂಗು ಮುರಿಯಬೇಡಿ. ಎಕ್ಸ್-ರೇಯಲ್ಲಿ ಹರಿಯುವ ಶಕ್ತಿ ರೇಡಿಯೋಕ್ಕಿಂತ ಎಷ್ಟೋ ಪಾಲು ದೊಡ್ಡದು. ನಾವು ರೇಡಿಯೋದಲ್ಲಿ ಕಾಣೋದು ಆನೆಯ ಬಾಲ ಮಾತ್ರ, ಆನೆ ಬೇರೆ ಕಡೆ ಇದೆ.

ಇನ್ನೊಂದು ಸಣ್ಣ ಮಾತು. ಜೂನ್ ಮಧ್ಯದಲ್ಲಿ, ನಮ್ಮೂರಲ್ಲಿ ಮೃಗಶಿರ ಮಳೆ ಹುಯ್ಯೋ ಹೊತ್ತಿಗೆ, ಸೂರ್ಯ ಆಕಾಶದಲ್ಲಿ ಏಡಿ ನೀಹಾರಿಕೆಯ ಪಕ್ಕದಲ್ಲೇ ಹಾದು ಹೋಗುತ್ತಾನೆ. ಆಗ ಪಲ್ಸಾರ್‌ನ ಅಲೆ ಸೂರ್ಯನ ಹೊರ ಆವರಣ ತೂರಿಕೊಂಡು ಬರಬೇಕು. ಬಾಲ ಇನ್ನೊಂದಿಷ್ಟು ಬಾಗುತ್ತದೆ. ಆ ಬಾಗಿನಿಂದ ಸೂರ್ಯನ ಸುತ್ತ ಎಷ್ಟು ಎಲೆಕ್ಟ್ರಾನ್ ಇದೆ ಅಂತ ಅಳೆಯಬಹುದು. ಅಜ್ಜಿ ಮಳೆ ನಕ್ಷತ್ರ ಎಣಿಸುತ್ತಿದ್ದಳು, ನಾವು ಅದೇ ನಕ್ಷತ್ರದಲ್ಲಿ ಎಲೆಕ್ಟ್ರಾನ್ ಎಣಿಸುತ್ತೇವೆ.

ಲ್ಯಾಪ್‌ಟಾಪಿನಲ್ಲಿ ಒಂದು ನಿಮಿಷದ ದತ್ತಾಂಶವನ್ನು ಧ್ವನಿ ಮಾಡಿ ಇಟ್ಟುಕೊಂಡಿದ್ದೇನೆ. ಮೊದಲು ಬರೀ ಸೋ ಅನ್ನೋ ಸದ್ದು ಕೇಳುತ್ತದೆ, ಮಳೆ ಹಾಗೆ. ಮಿಡಿತ ಬಂದಾಗ ಚಟ್ ಅನ್ನುತ್ತದೆ. ಎಷ್ಟು ಸಲ ಅಂತ ನಾನು ಹೇಳಲ್ಲ, ನೀವೇ ಎಣಿಸಿ. ಹಿಂದೆ ಕೂತವರು ಸ್ವಲ್ಪ ಆ ಫ್ಯಾನ್ ಆಫ್ ಮಾಡ್ತೀರಾ?