ಕಾಗದ ಯಾವುದು, ಪರೀಕ್ಷೆ ಯಾರದ್ದು?

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಮಗಳನ್ನೋ ಮಗನನ್ನೋ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿಸುವುದೇ, ಇಲ್ಲವೇ ಥಾಣೆ, ದಾದರ್, ಅಂಧೇರಿ ನಿಲ್ದಾಣಗಳ ಹೊರಗೆ ಫಲಕ ಹಾಕಿಕೊಂಡಿರುವ ಕ್ಲಾಸುಗಳಲ್ಲಿ ಆರು ತಿಂಗಳು ಕೂರಿಸಿ ಒಂದು ಸರ್ಟಿಫಿಕೇಟ್ ಕೊಡಿಸುವುದೇ? ಆ ಫಲಕಗಳ ಮೇಲೆ ‘ಕೆಲಸ ಗ್ಯಾರಂಟಿ’ ಎಂದು ಬರೆದಿರುತ್ತದೆ. ಕೆಲಸ ಕೊಡುವವರು ಯಾರೆಂದು ಮಾತ್ರ ಬರೆದಿರುವುದಿಲ್ಲ.

ನವಿ ಮುಂಬಯಿಯ ಕಂಪನಿಯೊಂದರಲ್ಲಿ ಹಲವು ವರ್ಷ ಅಭ್ಯರ್ಥಿಗಳನ್ನು ಸಂದರ್ಶಿಸಿದವನು ನಾನು. ಅಲ್ಲಿ ಕುಳಿತು ಕಂಡದ್ದನ್ನು ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊದಲು ಕಹಿ ಮಾತು. ಹೊಸಬರ ಅರ್ಜಿ ನನ್ನಂಥವನ ಕೈಗೆ ಬರುವ ಮೊದಲೇ ಅರ್ಧಕ್ಕರ್ಧ ಉದುರಿರುತ್ತವೆ. ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ, ಪದವಿ, ಮೂರರಲ್ಲೂ ಶೇಕಡಾ 60 ಇರಬೇಕು, ಪಾಸಾಗದೆ ಬಾಕಿ ಉಳಿದ ವಿಷಯ ಇರಬಾರದು ಎಂಬ ನಿಯಮ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳಲ್ಲಿದೆ. ಇದು ಜಾಣತನದ ನಿಯಮವಲ್ಲ. ರಾಶಿ ಅರ್ಜಿಗಳನ್ನು ಓದಲಾರದ ಸೋಮಾರಿತನ. ಆದರೆ ಬಾಗಿಲಲ್ಲಿ ಕೇಳುವುದು ಅದನ್ನೇ. ಪದವಿಯ ಬೆಲೆಯಲ್ಲಿ ದೊಡ್ಡ ಪಾಲು ಈ ಬಾಗಿಲಿನದು. ಒಳಗೆ ಬಂದ ಮೂರು ನಾಲ್ಕು ವರ್ಷಗಳ ನಂತರ ನಿಮ್ಮ ಅಂಕಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ.

ಹಾಗಾದರೆ ಸರ್ಟಿಫಿಕೇಟ್? ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದೇ ಗೊಂದಲಕ್ಕೆ ಕಾರಣ. ಲಿನಕ್ಸ್ ಕಂಪ್ಯೂಟರ್ ವ್ಯವಸ್ಥೆಯನ್ನು ನಿರ್ವಹಿಸುವವರಿಗಾಗಿ ರೆಡ್ ಹ್ಯಾಟ್ ಸಂಸ್ಥೆ ನಡೆಸುವ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯನ್ನೇ ನೋಡಿ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನೆಗಳು ಅಲ್ಲಿಲ್ಲ. ನಿಮ್ಮ ಮುಂದೆ ಒಂದು ಕಂಪ್ಯೂಟರ್ ಇಡುತ್ತಾರೆ, ಕೆಲಸ ಮಾಡಿ ತೋರಿಸಬೇಕು. ಮಾಡಿದ ಬದಲಾವಣೆಗಳು ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲೂ ಉಳಿದಿರಬೇಕು, ಇಲ್ಲದಿದ್ದರೆ ಅಂಕವಿಲ್ಲ. ಇಂಥ ಕಾಗದ ತಂದ ಹುಡುಗಿಯೊಡನೆ ಹತ್ತು ನಿಮಿಷ ಮಾತಾಡಿದರೆ ಸಾಕು, ಕೈ ಪಳಗಿದೆ ಎಂದು ತಿಳಿಯುತ್ತದೆ. ಇನ್ನೊಂದು ಕಡೆ, ಹಳೆಯ ಪ್ರಶ್ನೆಗಳ ಕಟ್ಟನ್ನು ದುಡ್ಡು ಕೊಟ್ಟು ಕೊಂಡು ಉರು ಹೊಡೆಯುವ ದಂಧೆ ಇದೆ. ಅದನ್ನು ‘ಡಂಪ್’ ಎನ್ನುತ್ತಾರೆ. ಹೀಗೆ ಪಾಸಾದವರ ಬಯೋಡೇಟಾದಲ್ಲಿ ಐದಾರು ಲಾಂಛನಗಳು ಹೊಳೆಯುತ್ತಿರುತ್ತವೆ. ಎರಡನೆಯ ಪ್ರಶ್ನೆಗೇ ಮೌನ.

ಸರ್ಟಿಫಿಕೇಟುಗಳಿಗೆ ಆಯುಷ್ಯವೂ ಕಡಿಮೆ. ಕಂಪ್ಯೂಟರ್ ಜಾಲಗಳ ಕೆಲಸಕ್ಕೆ ಸಿಸ್ಕೊ ಕಂಪನಿ ಕೊಡುವ ಸಿಸಿಎನ್‌ಎ ಮೂರು ವರ್ಷಕ್ಕೆ ಮುಗಿಯುತ್ತದೆ. ಮುಂದುವರಿಸಬೇಕಾದರೆ ಮತ್ತೆ ಪರೀಕ್ಷೆಯನ್ನೋ ತರಬೇತಿಯನ್ನೋ ಪೂರೈಸಬೇಕು. ಒಂದು ಕಾಲದಲ್ಲಿ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುತ್ತಿದ್ದ ಮೈಕ್ರೋಸಾಫ್ಟ್‌ನ ಎಂಸಿಎಸ್‌ಇಯನ್ನು ಆ ಕಂಪನಿಯೇ 2021ರ ಜನವರಿಯಲ್ಲಿ ನಿಲ್ಲಿಸಿತು.

ಆಯುಷ್ಯ ಕಡಿಮೆ ಎಂಬುದು ದೋಷವೇನಲ್ಲ ಎಂದು ನನ್ನ ಅಭಿಪ್ರಾಯ. ಇದಕ್ಕೆ ಸಾಕ್ಷಿ ಬೇಕಾದರೆ ಸಾಫ್ಟ್‌ವೇರ್ ಬಿಟ್ಟು ಮುಂಬಯಿಯ ಹಡಗುಕಟ್ಟೆಗಳ ಕಡೆ ನೋಡಬೇಕು. ಒತ್ತಡದ ಕೊಳವೆಗಳನ್ನು ಬೆಸೆಯುವ ವೆಲ್ಡರ್‌ಗೆ ‘6ಜಿ’ ಎಂಬ ಪರೀಕ್ಷೆ ಇದೆ. ಕೊಳವೆಯನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಅದನ್ನು ತಿರುಗಿಸುವಂತಿಲ್ಲ. ಬಗ್ಗಿ, ಮಲಗಿ, ಹೇಗಾದರೂ ಮಾಡಿ ಸುತ್ತಲೂ ಬೆಸೆಯಬೇಕು. ಆಮೇಲೆ ಆ ಬೆಸುಗೆಯನ್ನು ಬಗ್ಗಿಸಿ ನೋಡುತ್ತಾರೆ, ಇಲ್ಲವೇ ಎಕ್ಸ್-ರೇ ತೆಗೆಯುತ್ತಾರೆ. ಆರು ತಿಂಗಳು ಆ ವಿಧಾನದ ಬೆಸುಗೆ ಮಾಡದಿದ್ದರೆ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘವಾದ ಎಎಸ್‌ಎಂಇ ನಿಯಮಾವಳಿಯ ಪ್ರಕಾರ ಅರ್ಹತೆ ರದ್ದು. ಕೈ ಮರೆತಿರಬಹುದು ಎಂಬ ಅನುಮಾನವನ್ನೇ ನಿಯಮ ಮಾಡಿದ್ದಾರೆ! ಕಂಪ್ಯೂಟರ್ ಜಗತ್ತಿನಲ್ಲಿ ಇಷ್ಟು ಖಡಕ್ಕಾದ ಕಾಗದವನ್ನು ನಾನು ಕಂಡಿಲ್ಲ.

ಹಡಗಿನ ಇಂಜಿನ್ ಕೋಣೆಯಲ್ಲೂ ಹಾಗೆಯೇ. ಮೆಕ್ಯಾನಿಕಲ್ ಪದವಿ ಇದ್ದರೂ ತರಬೇತಿ, ಸಮುದ್ರದ ಅನುಭವ, ಲಿಖಿತ ಮತ್ತು ಮೌಖಿಕ ಪರೀಕ್ಷೆ ಎಲ್ಲ ದಾಟಿ, ಮುಂಬಯಿಯಲ್ಲಿ ಕೇಂದ್ರ ಕಚೇರಿ ಇರುವ ನೌಕಾಯಾನ ಮಹಾನಿರ್ದೇಶನಾಲಯದ ಸಾಮರ್ಥ್ಯ ಪ್ರಮಾಣಪತ್ರ ಸಿಗುವವರೆಗೆ ಇಂಜಿನಿಯರ್ ಅಧಿಕಾರಿಯಾಗಿ ಪಾಳಿ ನೋಡಿಕೊಳ್ಳುವಂತಿಲ್ಲ. ಕರಾವಳಿಯಿಂದ ಬಂದು ಹಡಗು ಹತ್ತಿದ ನಮ್ಮವರಿಗೆ ಇದು ಗೊತ್ತು. ಅವರ ಮನೆಗಳಲ್ಲಿ ಪದವಿ ದೊಡ್ಡದೋ ಸರ್ಟಿಫಿಕೇಟ್ ದೊಡ್ಡದೋ ಎಂಬ ಜಗಳವೇ ಇಲ್ಲ.

ಇನ್ನು, ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟ ಪರೀಕ್ಷೆಯೂ ಒಂದಿದೆ. ಯೋಜನಾ ನಿರ್ವಹಣೆಯ ಪಿಎಂಪಿ ಪ್ರಮಾಣಪತ್ರಕ್ಕೆ ನಾಲ್ಕು ವರ್ಷದ ಪದವಿ ಇದ್ದವರಿಗೆ 36 ತಿಂಗಳ ಅನುಭವ ಸಾಕು, ಪದವಿ ಇಲ್ಲದವರಿಗೆ 60 ತಿಂಗಳು ಬೇಕು. ಅಂದರೆ ನಾಲ್ಕು ವರ್ಷದ ಓದಿಗೆ ಅವರು ಕಟ್ಟಿದ ಬೆಲೆ ಎರಡು ವರ್ಷದ ದುಡಿಮೆ. ಇದನ್ನು ಕೇಳಿದ ಪ್ರಾಧ್ಯಾಪಕ ಮಿತ್ರರೊಬ್ಬರು ನನ್ನ ಮೇಲೆಯೇ ಮುನಿಸಿಕೊಂಡರು.

ಹಗಲು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದು ರಾತ್ರಿ ಓದುವವರಿಗೆ ಈಗ ನೇರವಾಗಿ ಒಂದೆರಡು ಮಾತು. ಈ ನಗರದಲ್ಲಿ ನಮ್ಮವರ ರಾತ್ರಿ ಶಾಲೆಗಳಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಮೊಗವೀರರ ರಾತ್ರಿ ಶಾಲೆ 1908ರದು. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹಿಂದಿನ ತಲೆಮಾರು ಇಂಜಿನಿಯರುಗಳ ಸಂಸ್ಥೆ (ಇನ್ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್) ನಡೆಸುವ ಎಎಂಐಇ ಪರೀಕ್ಷೆ ಕಟ್ಟಿ ಇಂಜಿನಿಯರ್ ಆಗುತ್ತಿತ್ತು. ಆ ದಾರಿ ಮುಚ್ಚಿದೆ. 2013ರ ಮೇ 31ರವರೆಗೆ ನೋಂದಾಯಿಸಿದವರಿಗೆ ಮಾತ್ರ ಅದು ಪದವಿಗೆ ಸಮ.

ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಮೂರು ವರ್ಷದ ಡಿಪ್ಲೊಮಾ ನನ್ನ ಮೊದಲ ಆಯ್ಕೆ. ಅದರ ನಂತರ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಬೇಡವಾದರೆ ಕೆಲಸಕ್ಕೂ ಹೋಗಬಹುದು. ಈಗಾಗಲೇ ದುಡಿಯುತ್ತಿರುವವರು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಸಿಎಗೆ ಹೆಸರು ಹಚ್ಚಲಿ, ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೊಂದಕ್ಕೆ ಕೂರಲಿ. ಒಂದು ಸಾಕು, ಐದು ಬೇಡ. ಪರೀಕ್ಷೆಯ ಶುಲ್ಕವನ್ನು ಕಂಪನಿ ಭರಿಸುತ್ತದೆಯೇ ಎಂದು ಮೊದಲು ಕೇಳಿ. ಬಹಳ ಕಂಪನಿಗಳು ಭರಿಸುತ್ತವೆ, ಕೇಳದವರಿಗೆ ಮಾತ್ರ ಹೇಳುವುದಿಲ್ಲ.

ಅಂಚೆಯಲ್ಲಿ ಬಿಇ ಕೊಡಿಸುತ್ತೇವೆ ಎಂದು ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ. ಅಂಚೆ ಶಿಕ್ಷಣದ ಇಂಜಿನಿಯರಿಂಗ್ ಪದವಿ ಸಲ್ಲದು ಎಂದು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಹೇಳಿತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ 2001ರಿಂದ 2005ರ ನಡುವೆ ಹಾಗೆ ಸೇರಿದ್ದವರು, ಕೆಲಸದಲ್ಲಿದ್ದು ಬಡ್ತಿ ಪಡೆದವರೂ ಸೇರಿದಂತೆ, ಪದವಿ ಉಳಿಸಿಕೊಳ್ಳಲು ಮತ್ತೆ ಪರೀಕ್ಷೆ ಬರೆಯಬೇಕಾಯಿತು.

ನಮಸ್ಕಾರ.